ಸವೆದ ಡಿಸ್ಕಿನ ನೋವಿಗೆ ಸೂಜಿಯ ಚಿಕಿತ್ಸೆ: ಒಪ್ಪುವ ಮುನ್ನ, ಒಪ್ಪಿದ ಮೇಲೆ

ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದವರು, ರಾಯಚೂರಿನಲ್ಲಿ ಹತ್ತಿಯ ಅಂಡಿಗೆ ಹೊತ್ತ ಹಮಾಲರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ವರ್ಷಗಳನ್ನು ಕಳೆದವರು ಎಂ.ಆರ್.ಐ. ವರದಿ ಹಿಡಿದು ಹೊರಬಂದಾಗ ಹೇಳುವ ಮಾತು ಒಂದೇ: "ಟೊಂಕದಾಗ ಗ್ಯಾಪ್ ಬಂದೈತಂತ್ರಿ." ವಾಸ್ತವದಲ್ಲಿ ಆಗಿರುವುದು ಇದರ ತಿರುವುಮುರುವು. ಎರಡು ಎಲುಬುಗಳ ನಡುವಿನ ಮೆತ್ತೆಯಾದ ಡಿಸ್ಕ್ ನೀರಿನಂಶ ಕಳೆದುಕೊಂಡು ತೆಳುವಾಗಿ, ಅಲ್ಲಿದ್ದ ಅಂತರ ಕಡಿಮೆಯಾಗಿರುತ್ತದೆ.

ವರದಿಯಲ್ಲಿ ಸವೆತ ಕಂಡಿತೆಂದ ಮಾತ್ರಕ್ಕೆ ನೋವಿನ ಮೂಲ ಅದೇ ಎಂದು ತೀರ್ಮಾನಿಸಬಾರದು. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, 20ರ ಪ್ರಾಯದವರಲ್ಲಿ ಶೇ. 37ರಷ್ಟು, 80ರ ಪ್ರಾಯದವರಲ್ಲಿ ಶೇ. 96ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು. ಆದ್ದರಿಂದ ವೈದ್ಯರ ಬಳಿ ಹೋಗುವ ಮುನ್ನ ಒಂದೆರಡು ವಾರ ನೋವಿನ ಜಾಡು ಹಿಡಿದು ಬರೆದಿಡಿ. ಪಿರ್ರೆಯಿಂದ ಇಳಿದು ಮೊಣಕಾಲಿನ ಕೆಳಗೆ, ಪಾದದವರೆಗೆ ಜುಮ್ಮೆಂದು ಸೆಳೆದರೆ ನರ ಒತ್ತಿರುವ ಸಾಧ್ಯತೆ ಹೆಚ್ಚು. ಕೂತಾಗ, ಮುಂದಕ್ಕೆ ಬಗ್ಗಿದಾಗ ಸೊಂಟದ ನಡುವೆಯೇ ನೋವು ಹೆಚ್ಚಿದರೆ ಡಿಸ್ಕಿನ ಮೇಲೆ, ಹಿಂದಕ್ಕೆ ಬಾಗಿದಾಗ ಹೆಚ್ಚಿದರೆ ಬೆನ್ನೆಲುಬಿನ ಹಿಂಬದಿಯ ಸಣ್ಣ ಕೀಲುಗಳ ಮೇಲೆ ಅನುಮಾನ ಹೋಗುತ್ತದೆ. ಯಾವ ಸೂಜಿ ಬೇಕು ಎಂದು ನಿರ್ಧರಿಸಲು ವೈದ್ಯರಿಗೆ ಈ ಟಿಪ್ಪಣಿ ನೆರವಾಗುತ್ತದೆ.

ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ರಾತ್ರಿ ಬೆವರು, ತೂಕ ಇಳಿತ ಜೊತೆಗಿದ್ದರೆ ಬೆನ್ನೆಲುಬಿನ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರೂ ಜಿಲ್ಲೆಗಳ ಮಟ್ಟಿಗೆ ಇನ್ನೊಂದು ಮಾತಿದೆ: ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ವರ್ಷಗಟ್ಟಲೆ ಅದನ್ನೇ ಕುಡಿದವರ ಬೆನ್ನು ಫ್ಲೋರೋಸಿಸ್‌ನಿಂದ ಮರದ ಹಲಗೆಯಂತೆ ಬಿಗಿದುಕೊಳ್ಳಬಹುದು. ಡಿಸ್ಕಿಗೆ ಕೊಡುವ ಸೂಜಿಯಿಂದ ಆ ಬಿಗಿತ ಸಡಿಲವಾಗದು. ಕುಡಿಯುವ ನೀರಿನ ಮೂಲ ಯಾವುದೆಂದು ವೈದ್ಯರಿಗೆ ತಪ್ಪದೆ ತಿಳಿಸಿ.

ಇಂಥ ಲಕ್ಷಣಗಳಿಲ್ಲದಿದ್ದರೆ ಸುಮಾರು ಆರು ವಾರ ವ್ಯಾಯಾಮ, ನಡಿಗೆ, ನೋವಿನ ಮಾತ್ರೆಗಳಿಗೆ ಅವಕಾಶ ಕೊಡುವುದು ಲೇಸು. ಕಾಲಿಗಿಳಿದ ನೋವು ಬಹಳಷ್ಟು ಜನರಲ್ಲಿ ಆರರಿಂದ ಹನ್ನೆರಡು ವಾರಗಳೊಳಗೆ ತಾನಾಗಿಯೇ ತಗ್ಗುತ್ತದೆ.

ತಗ್ಗದಿದ್ದರೆ, ನರ ಒತ್ತಿರುವವರಿಗೆ ಸಾಮಾನ್ಯವಾಗಿ ಮೊದಲು ಸೂಚಿಸುವುದು ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್, ಅಂದರೆ ಬೆನ್ನೆಲುಬಿನೊಳಗೆ ನರದ ಸುತ್ತಲಿನ ಜಾಗಕ್ಕೆ ಉರಿಯೂತ ತಗ್ಗಿಸುವ ಮದ್ದು ಬಿಡುವ ಸೂಜಿ. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿ, ಚರ್ಮ ಮರಗಟ್ಟಿಸಿ, ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆ ನೋಡುತ್ತ ಸೂಜಿಯನ್ನು ಇಳಿಸುತ್ತಾರೆ. ಮೊದಲು ಬಿಟ್ಟ ಬಣ್ಣದ ದ್ರವ ನರದ ಗುಂಟ ಬೇರಿನಂತೆ ಹರಿದದ್ದು ಕಂಡ ಮೇಲೆಯೇ ಔಷಧ ಬಿಡುವುದು ವಾಡಿಕೆ. ಯಂತ್ರವಿಲ್ಲದೆ ಬರಿಗೈ ಅಂದಾಜಿನಲ್ಲಿ ಕೊಡುತ್ತೇವೆ ಎನ್ನುವವರನ್ನು ಕಾರಣ ಕೇಳಿ. ಉಪಶಮನ ಕೆಲವು ವಾರಗಳಿಂದ ಕೆಲವು ತಿಂಗಳು ಇರಬಹುದು. ಸವೆದ ಡಿಸ್ಕ್ ಮಾತ್ರ ಇದರಿಂದ ಮತ್ತೆ ಬೆಳೆಯುವುದಿಲ್ಲ.

ಬೆನ್ನೆಲುಬಿನ ಸಣ್ಣ ಕೀಲಿನ ನೋವಾದರೆ ಮೊದಲು ಆ ಕೀಲಿನ ನರಕ್ಕೆ ಪರೀಕ್ಷಾರ್ಥ ಮರಗಟ್ಟಿಸುವ ಮದ್ದು ಕೊಟ್ಟು, ನೋವು ಗಣನೀಯವಾಗಿ ಇಳಿದರೆ ಮಾತ್ರ ರೇಡಿಯೋ ಫ್ರೀಕ್ವೆನ್ಸಿ ಎಂಬ ವಿದ್ಯುತ್ ತರಂಗದಿಂದ, ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ನರವನ್ನು ಸುಡುತ್ತಾರೆ. ನರ ಮತ್ತೆ ಚಿಗುರುವುದರಿಂದ ಆರು ತಿಂಗಳೋ ವರ್ಷವೋ ಕಳೆದ ಮೇಲೆ ನೋವು ಮರಳಬಹುದು. ಡಿಸ್ಕಿನ ಚೂರು ಹೊರಚಾಚಿ ನರವನ್ನು ಬಿಡದೆ ಒತ್ತುತ್ತಿದ್ದರೆ, ಒಂದು ಸೆಂಟಿಮೀಟರಿಗೂ ಚಿಕ್ಕ ಗಾಯದ ಮೂಲಕ ಎಂಡೋಸ್ಕೋಪ್ ಎಂಬ ಕ್ಯಾಮೆರಾವುಳ್ಳ ತೆಳು ಕೊಳವೆ ಇಳಿಸಿ ಆ ಚೂರನ್ನಷ್ಟೇ ತೆಗೆಯಬಹುದು. ನರದ ಒತ್ತಡವಿಲ್ಲದೆ ಬರೀ ಡಿಸ್ಕಿನಿಂದ ಬರುವ ನಡುನೋವಿಗೆ ಈ ಯಾವ ಸೂಜಿಯೂ ಅಷ್ಟು ನೆಚ್ಚಿಕೆಯದ್ದಲ್ಲ. ಪಿ.ಆರ್.ಪಿ. (ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವ), ಸ್ಟೆಮ್ ಸೆಲ್ (ಆಕರ ಕೋಶ)ನಿಂದ ಡಿಸ್ಕನ್ನೇ ಹೊಸದು ಮಾಡುತ್ತೇವೆಂಬ ಭರವಸೆಗೆ ಗಟ್ಟಿ ಪುರಾವೆ ಇನ್ನೂ ಒದಗಿಲ್ಲವಾದ್ದರಿಂದ, ಅದಕ್ಕಾಗಿ ಹೊಲ ಒತ್ತೆಯಿಡಬೇಡಿ.

ಸಕ್ಕರೆ ಕಾಯಿಲೆಯಿದ್ದರೆ ಸ್ಟೀರಾಯ್ಡ್ ಪಡೆದ ಕೆಲವು ದಿನ ಸಕ್ಕರೆ ಏರುತ್ತದೆ ಎಂಬುದು ನೆನಪಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಖರ್ಚಿನ ವಿಷಯದಲ್ಲಿ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದ್ದು, ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ನಿಮಗೆ ಸೂಚಿಸಿದ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕ ಸಿಬ್ಬಂದಿಯನ್ನು) ಮುಂಚಿತವಾಗಿ ಕೇಳಿ.

ಇಂಜೆಕ್ಷನ್ ಪಡೆದ ದಿನ ಬೈಕ್ ಓಡಿಸದೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮರಗಟ್ಟಿಸುವ ಮದ್ದಿನಿಂದ ಬಸ್‌ಸ್ಟ್ಯಾಂಡಿಗೆ ಹಗುರಾಗಿ ನಡೆದುಬಂದವರಿಗೆ ಅದೇ ರಾತ್ರಿ ನೋವು ಮರುಕಳಿಸುವುದು ಸಾಮಾನ್ಯ. ಸ್ಟೀರಾಯ್ಡಿನ ಗುಣ ಕಾಣಲು ಎರಡು ದಿನದಿಂದ ಒಂದು ವಾರ ಹಿಡಿಯುತ್ತದೆ. ನಾಟಿಯ ಕೂಲಿಗೆ ಹೋಗುವವರು ಆ ವಾರವನ್ನು ಹಂಗಾಮಿನ ಲೆಕ್ಕದಿಂದ ಮೊದಲೇ ಬಿಟ್ಟು ದಿನಾಂಕ ಗೊತ್ತುಮಾಡಿಕೊಳ್ಳಬೇಕು.