ಗೆಳೆಯರ ಮನೆ ಸ್ಪೀಕರ್ ಕೇಳಿ ಬಂದ ಮೇಲೆ

ಭಾನುವಾರ ಸಂಜೆ ಮೈಸೂರಿನ ಕುವೆಂಪುನಗರದ ಗೆಳೆಯರ ಮನೆಯಲ್ಲಿ ಹೊಸ ಆಂಪ್ಲಿಫೈಯರ್ ಕೇಳಿ ಬಂದಿದ್ದೀರಿ. ಮೊನ್ನೆವರೆಗೂ ಚೆನ್ನಾಗಿದ್ದ ನಿಮ್ಮ ಮನೆಯದು ಇವತ್ತು ಸಪ್ಪೆ. ದುಡ್ಡು ಬಿಚ್ಚುವ ಮುಂಚೆ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ. ಅವರದಕ್ಕಿಂತ ನಮ್ಮದು ಮೇಲಾ ಎನ್ನುವುದು ಪಂದ್ಯ. ನಮ್ಮ ಕೋಣೆಯಲ್ಲಿ ಹಾಡು ನಮ್ಮನ್ನು ಕೂರಿಸಿಕೊಳ್ಳುತ್ತಿದೆಯಾ ಎನ್ನುವುದು ಬೇರೆಯೇ ಮಾತು. ಪಂದ್ಯ ಆಡುವುದರಲ್ಲಿ ತಪ್ಪಿಲ್ಲ, ಮಜಾ ಇದೆ. ಆದರೆ ತಕ್ಕಡಿ ಸರಿಯಿರಬೇಕು.

ತಕ್ಕಡಿ ಕೆಡುವುದು ವಾಲ್ಯೂಮ್‌ನಲ್ಲಿ. ಒಂದೇ ಹಾಡನ್ನು ಎರಡನೇ ಸಲ ಅರ್ಧ ಡೆಸಿಬಲ್ (ಸದ್ದಿನ ಅಳತೆ) ಏರಿಸಿ ಹಾಕಿದರೆ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ. ‘ತಿಳಿಯಾಗಿದೆ, ತುಂಬಿ ಬರ್ತಿದೆ’ ಎನ್ನುತ್ತದೆ. ಎರಡು ಆಂಪ್ಲಿಫೈಯರ್‌ಗಳ ಜಗಳ ಬಹಳ ಸಲ ಇಷ್ಟರದ್ದೇ. ಹಾಗಾಗಿ ಎರಡನ್ನೂ ಒಂದೇ ಮನೆಗೆ ತಂದು, ಒಂದೇ ಜೋಡಿ ಸ್ಪೀಕರ್‌ಗೆ ಕೊಟ್ಟು, ಮೊದಲು ಅಳತೆ ಸಮ ಮಾಡಿ. 400 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಶ್ರುತಿಯಲ್ಲಿ ನಿಲ್ಲುವ ಪರೀಕ್ಷೆಯ ದನಿ) ಹಾಕಿ, ಸ್ಪೀಕರ್‌ನ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಹಿಡಿದು, ಮೊದಲನೆಯದನ್ನು 1.00 ವೋಲ್ಟ್ ಎಸಿಗೆ ತನ್ನಿ. ಎರಡನೆಯದು 0.98ರಿಂದ 1.02ರ ಒಳಗೆ ಬಂದರೆ ವ್ಯತ್ಯಾಸ 0.2 ಡೆಸಿಬಲ್‌ಗಿಂತ ಕಡಿಮೆ, ಅಷ್ಟು ಸಾಕು. ಎಲೆಕ್ಟ್ರಿಕಲ್ ಅಂಗಡಿಯ ಅಗ್ಗದ ಹಳದಿ ಮೀಟರ್‌ನಲ್ಲಿ ಸಾಮಾನ್ಯವಾಗಿ ಎಸಿಗೆ 200 ಮತ್ತು 750 ವೋಲ್ಟ್ ಮಾತ್ರ ಇರುತ್ತದೆ, ಅದು ಇಲ್ಲಿ ಕೆಲಸಕ್ಕೆ ಬಾರದು. 2 ವೋಲ್ಟ್ ಅಳೆಯಬಲ್ಲದ್ದು ಬೇಕು. ಸದ್ದು ಅಳೆಯುವ ಫೋನಿನ ಆ್ಯಪ್ ಇಷ್ಟು ಸೂಕ್ಷ್ಮ ಹಿಡಿಯುವುದಿಲ್ಲ. ವೈರ್ ಬದಲಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ, ಬರಿ ಎಳೆ ಒಂದಕ್ಕೊಂದು ತಾಗಿದರೆ ಔಟ್‌ಪುಟ್ ಸುಟ್ಟೀತು.

ಇನ್ನು ಹೆಸರು ಮುಚ್ಚಬೇಕು. ಮುಂದೆ ಪರದೆ ಕಟ್ಟಿ, ಮೂರನೆಯವರೊಬ್ಬರು ನಾಣ್ಯ ಚಿಮ್ಮಿ ಯಾವುದು ಎಂದು ತೀರ್ಮಾನಿಸಲಿ. ಹಿಂದಿನ ಸುತ್ತಿನದೇ ಬಂದರೂ ವೈರ್ ಬಿಚ್ಚಿ ಮತ್ತೆ ಹಾಕಬೇಕು, ಇಲ್ಲದಿದ್ದರೆ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. ಯಾವುದು ನುಡಿಯುತ್ತಿದೆ ಎಂದು ಹತ್ತು ಸುತ್ತಿನಲ್ಲಿ ಒಂಬತ್ತು ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿ ಕೇಳುತ್ತಿದೆ ಎನ್ನಬಹುದು. ಬರಿ ಊಹೆಯಲ್ಲಿ ಅಷ್ಟು ಬರುವುದು ನೂರಕ್ಕೆ ಒಂದು ಸಲ. ಏಳು ಸರಿ ಬಂತೆಂದು ಬೀಗಬೇಡಿ. ಬರಿ ಊಹಿಸಿ ಹೇಳಿದವರಿಗೂ ಆರರಲ್ಲಿ ಒಬ್ಬರಿಗೆ ಏಳೋ ಹೆಚ್ಚೋ ಬರುತ್ತದೆ. ನಡುವೆ ಒಂದು ಕಾಫಿ ಇರಲಿ, ದಣಿದ ಕಿವಿ ಏನು ಬೇಕಾದರೂ ಹೇಳುತ್ತದೆ. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಈ ಹವ್ಯಾಸಕ್ಕೆ ಬೇಕಾದ ಎರಡು ವಿದ್ಯೆಯೂ, ಸದ್ದಿನದ್ದೂ ಮನಸ್ಸಿನದ್ದೂ, ಈ ಊರಲ್ಲಿ ಒಬ್ಬರಲ್ಲೇ ಇತ್ತು.)

ಸ್ಪೀಕರ್‌ಗಳನ್ನು ಮಾತ್ರ ಎರಡು ಮನೆಗಳ ನಡುವೆ ಹೋಲಿಸಬೇಡಿ. ಅಲ್ಲಿ ಗೆಲ್ಲುವುದು ಕೋಣೆ. ನಮ್ಮ ಕಡೆಯ ಸಾಮಾನ್ಯ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, ತಾರಸಿಯೂ 10 ಅಡಿ ಎತ್ತರ ಎಂದುಕೊಳ್ಳಿ. ಉದ್ದಕ್ಕೆ ಸುಮಾರು 47 ಹರ್ಟ್ಸ್‌ನಲ್ಲಿ ಕೋಣೆ ಗುಂಯ್ಗುಡುತ್ತದೆ. ಅಗಲ, ಎತ್ತರ ಒಂದೇ ಆದ್ದರಿಂದ ಎರಡರ ಗುಂಯ್ ಸದ್ದೂ 57ರ ಆಸುಪಾಸಿನಲ್ಲಿ ಒಂದರ ಮೇಲೊಂದು ಬಂದು ಕೂರುತ್ತದೆ. ಬಾಸ್ ಗಿಟಾರಿನ ಒಂದು ತಂತಿ 55 ಹರ್ಟ್ಸ್. ಅದನ್ನು ಮೀಟಿದಾಗೆಲ್ಲ ಹಾಡುಗಾರನ ದನಿ ಮುಳುಗಿದರೆ ತಪ್ಪು ಸ್ಪೀಕರ್‌ನದ್ದಲ್ಲ. ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆಯಿರಿ. ಕುರ್ಚಿ ಹಿಂದಿನ ಗೋಡೆಗೆ ಅಂಟಿರಬಾರದು, ಕೋಣೆಯ ನಟ್ಟನಡುವೆಯೂ ಇರಬಾರದು. ಗೋಡೆಯಿಂದ ನಾಲ್ಕೂವರೆ ಅಡಿಯಲ್ಲಿ ಶುರುಮಾಡಿ, ಆರಾರು ಇಂಚು ಸರಿಸುತ್ತ ಕೇಳಿ.

ಚಪ್ಪಾಳೆ ತಟ್ಟಿದಾಗ ಟರ್‌ರ್ ಎಂದು ಅನುರಣಿಸಿದರೆ ರೆಡ್ ಆಕ್ಸೈಡ್ ನೆಲ, ಬರಿ ಗೋಡೆಗಳ ಮೇಲೆ ಅನುಮಾನಪಡಿ. ದಪ್ಪ ಜಮಖಾನ ಹಾಸಿ. ಒಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಜರುಗಿಸಲಿ, ನೀವು ಕುರ್ಚಿಯಲ್ಲಿ ಕೂತು ನೋಡಿ: ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಹತ್ತಿ ಹಾಸಿಗೆಯನ್ನು ನಿಲ್ಲಿಸಿ ಕೇಳಿ. ಹಿಡಿಸಿದರೆ ಆಮೇಲೆ ಚಂದದ್ದೇನಾದರೂ ಹಾಕಿಕೊಳ್ಳಬಹುದು.

ವೈರ್ ವಿಷಯ ಬೇಗ ಮುಗಿಯುತ್ತದೆ: ಮೂರು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ಎಳೆ ವೈರ್ ಸಾಕು. ಗುಂಯ್ ಎನ್ನುವ ಹಮ್ ಇದ್ದರೆ ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಕೊಡಿ. ಅರ್ಥ್ ಪಿನ್ ಕಿತ್ತರೆ ಹಮ್ ಹೋಗಬಹುದು, ಜೊತೆಗೆ ಜೀವವೂ ಹೋಗಬಹುದು. ಹಳೆಯ ಅಗ್ರಹಾರದ ಮನೆಗಳಲ್ಲಿ ಅರ್ಥಿಂಗ್ ಇದೆಯಾ ಎಂದು ಎಲೆಕ್ಟ್ರಿಷಿಯನ್‌ನಿಂದ ಮೊದಲು ನೋಡಿಸಿ.

ಈಗ ಎರಡನೇ ಪ್ರಶ್ನೆ, ಸುಖದ ಲೆಕ್ಕ. ಒಂದು ತಿಂಗಳು ಏನನ್ನೂ ಕೊಳ್ಳದೆ ಚಿಕ್ಕ ನೋಟ್‌ಬುಕ್ ಇಡಿ. ಯಾವ ಹಾಡಿನಲ್ಲಿ, ಎಷ್ಟನೇ ನಿಮಿಷಕ್ಕೆ ನೀವು ಎದ್ದು ಏನೋ ತಿರುವಿದಿರಿ ಎಂದು ಬರೆಯಿರಿ. ಹೋಲಿಕೆಗೆ ಗೆಳೆಯರ ಸಿಸ್ಟಮ್ ಬೇಡ, ವೀಣೆ ಬೇಕು. ಮೈಸೂರಿನಲ್ಲಿ ಅದಕ್ಕೇನು ಬರವೇ? ದಸರಾ ವೇದಿಕೆಯದ್ದು ಮೈಕಿನಲ್ಲಿ ಹಾದು ಬಂದದ್ದು, ಅದು ಲೆಕ್ಕಕ್ಕಿಲ್ಲ. ನುಡಿಸುವವರ ಮನೆಯಲ್ಲಿ ಹತ್ತಿರ ಕೂತು ಕೇಳಿ. ಮೀಟಿನ ಚುರುಕು, ಆಮೇಲೆ ಕಾರ್ವೆ (ಮೀಟಿದ ಮೇಲೆ ಉಳಿಯುವ ನಾದ) ಕರಗುವ ಬಗೆ, ಎರಡೂ ನೆನಪಿರಲಿ. ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್, ಆದ್ದರಿಂದ ಈ ಕೇಳಾಟ ಸಂಜೆಯೇ ಆಗಲಿ.

ತಿಂಗಳ ಕೊನೆಗೆ ಪುಟ ತಿರುವಿ. ಬಾಸ್ ಬಂದಾಗೆಲ್ಲ ಎದ್ದಿದ್ದರೆ ಕುರ್ಚಿ ಸರಿಸಿ. ಪಿಟೀಲು ಮೇಲಕ್ಕೆ ಹೋದಾಗ ಕಿವಿ ಚುಚ್ಚಿ ಎದ್ದಿದ್ದರೆ, ನಿಮ್ಮ ಕಡೆಗೆ ತಿರುಗಿಸಿದ ಸ್ಪೀಕರನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಎರಡೂ ಮಾಡಿದ ಮೇಲೂ ಅದೇ ಜಾಗದಲ್ಲಿ ಗುರುತು ಬೀಳುತ್ತಿದ್ದರೆ ಅಂಗಡಿಗೆ ಹೋಗಿ. ಹೋಗುವಾಗ ಆ ನೋಟ್‌ಬುಕ್ಕೂ ಆ ಹಾಡುಗಳೂ ಜೊತೆಗಿರಲಿ.