ಸೈಡ್ ಮಿರರ್ ಒಡೆದರೆ ಏನು ಕೊಳ್ಳಬೇಕು, ಏನು ಬಿಡಬೇಕು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಇಕ್ಕಟ್ಟಿನಲ್ಲಿ ಆಟೊ ತಾಗಿಯೋ, ಕಬ್ಬಿನ ಹಂಗಾಮಿನಲ್ಲಿ ಆಳಂದ, ಅಫಜಲಪುರದ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಉಜ್ಜಿಯೋ ಕಾರಿನ ಸೈಡ್ ಮಿರರ್ ಒಡೆಯುವುದುಂಟು. ಒಡೆದ ಮೇಲೆ ಹೆಚ್ಚಿನವರು ನೇರ ಅಂಗಡಿಗೆ ಹೋಗಿ ‘ಒಂದು ಮಿರರ್ ಕೊಡ್ರಿ’ ಎಂದು ಕೇಳುತ್ತಾರೆ, ಅಂಗಡಿಯವರು ಇಡೀ ಸೆಟ್ಟನ್ನೇ ತೆಗೆದು ಮುಂದಿಡುತ್ತಾರೆ. ಆದರೆ ಸೈಡ್ ಮಿರರ್ ಎಂಬುದು ಗಾಜು, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ತಟ್ಟೆ, ಒಳಗಿನ ಮೋಟಾರು, ಹೊರಗಿನ ಬಣ್ಣದ ಕವರು, ಕೆಲವು ಕಾರುಗಳಲ್ಲಿ ಇಂಡಿಕೇಟರ್ ದೀಪ ಇವೆಲ್ಲ ಸೇರಿ ಆದದ್ದು. ಹಲವು ಕಾರುಗಳಿಗೆ ಇವು ಬಿಡಿಬಿಡಿಯಾಗಿಯೂ ಸಿಗುತ್ತವೆ. ಆದ್ದರಿಂದ ಹಣ ತೆಗೆಯುವ ಮೊದಲು ನಿಜವಾಗಿ ಕೆಟ್ಟಿರುವುದು ಯಾವುದು ಎಂದು ಗೊತ್ತುಮಾಡಿಕೊಳ್ಳುವುದೇ ಆಯ್ಕೆಯ ಮುಖ್ಯ ಭಾಗ.

1. ಕೆಟ್ಟಿರುವ ಭಾಗವನ್ನು ಗುರುತಿಸಿ

ಗಾಜು ಮಾತ್ರ ಬಿರುಕು ಬಿಟ್ಟು, ಒಳಗಿನ ಗುಂಡಿ ಒತ್ತಿದಾಗ ಅದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯಾಗಿ ಹೊರಳುತ್ತಿದ್ದರೆ ಗಾಜು ಬದಲಿಸಿದರೆ ಸಾಕು. ಕವರು ಮಾತ್ರ ಸೀಳಿದ್ದರೆ ಕವರು ಸಾಕು. ಬಾಗಿಲಿಗೆ ಕೂಡುವ ಬುಡವೇ ಮುರಿದು ಮಿರರ್ ವೈರಿಗೆ ಜೋತುಬಿದ್ದಿದ್ದರೆ ಮಾತ್ರ ಇಡೀ ಸೆಟ್ ಬೇಕು. ಮುರಿದ ಬುಡಕ್ಕೆ ಗಟ್ಟಿ ಅಂಟು ಹಾಕಿ ಕೂಡಿಸಿಕೊಡುವವರೂ ಇದ್ದಾರೆ. ಹುಮನಾಬಾದ ಕಡೆಯ ಹೆದ್ದಾರಿಯಲ್ಲಿ ವೇಗ ಹೆಚ್ಚಾದಂತೆ ಅಂಥ ಮಿರರ್ ಅದುರಿ, ಹಿಂದಿನ ಲಾರಿ ಮಸುಕು ಚೌಕವಾಗಿ ಕಾಣತೊಡಗುತ್ತದೆ.

2. ನಿಮ್ಮ ಕಾರಿನ ವಿವರ ಬರೆದುಕೊಳ್ಳಿ

ಒಂದೇ ಹೆಸರಿನ ಕಾರಿನಲ್ಲಿಯೂ ಕಡಿಮೆ ದರದ ಮಾದರಿಗೆ ಕೈಯಿಂದ ತಿರುಗಿಸುವ ಕಡ್ಡಿ, ನಡುವಣ ಮಾದರಿಗೆ ಮೋಟಾರು, ಮೇಲಿನ ಮಾದರಿಗೆ ತಾನಾಗಿ ಮಡಚುವ ವ್ಯವಸ್ಥೆ ಇರುತ್ತದೆ. ವೈರಿನ ಕಪ್ಲರಿನಲ್ಲಿರುವ ಪಿನ್ನುಗಳ ಸಂಖ್ಯೆಯೂ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ. ನೋಂದಣಿ ಪತ್ರದಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಕಪ್ಲರಿನ ಒಂದು ಫೋಟೊ, ಕಾರಿನ ಮೇಲಿನ ಚೀಟಿಯಲ್ಲಿರುವ ಬಣ್ಣದ ಕೋಡ್ ಇಷ್ಟನ್ನು ಕೊಂಡೊಯ್ದರೆ ‘ಎಲ್ಲಾ ಒಂದೇ ಅದರೀ, ಕೂಡ್ತದ ತಗೋರಿ’ ಎಂಬ ಮಾತಿಗೆ ಒಪ್ಪಿಕೊಳ್ಳಬೇಕಾದ ಪ್ರಮೇಯ ಬರುವುದಿಲ್ಲ. ಪಿನ್ನು ಹೊಂದದಿದ್ದಾಗ ಕಂಪನಿಯ ವೈರನ್ನು ಕತ್ತರಿಸಿ ಟೇಪು ಸುತ್ತಿ ಕೂಡಿಸಲು ಬಿಡಬೇಡಿ. ಮಳೆಗಾಲದಲ್ಲಿ ತೊಂದರೆ ಕೊಡುವುದು ಆ ಜಾಗವೇ, ಮೇಲಾಗಿ ವಾರಂಟಿ ತಕರಾರಿಗೂ ಅದೇ ಕಾರಣವಾಗುತ್ತದೆ.

3. ಗಾಜನ್ನು ಪರೀಕ್ಷಿಸದೆ ಕೊಳ್ಳಬೇಡಿ

ಕಂಪನಿ ಮಾಲು, ಕಂಪನಿಗಳಿಗೇ ಮಾಲು ಪೂರೈಸುವ ತಯಾರಕರ ಮಾಲು, ಲೋಕಲ್ ಮಾಲು ಎಂದು ಮಾರುಕಟ್ಟೆಯಲ್ಲಿ ಮೂರು ಬಗೆಗಳಿವೆ. ಕವರಿನ ಮಟ್ಟಿಗೆ ಲೋಕಲ್ ಮಾಲನ್ನೂ ಯೋಚಿಸಬಹುದು, ಗಾಜಿನ ಮಟ್ಟಿಗೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಕಾರಿನ ಹೊರಗಿನ ಕನ್ನಡಿಗಳು ಸಾಮಾನ್ಯವಾಗಿ ತುಸು ಉಬ್ಬಿರುತ್ತವೆ. ಆ ಉಬ್ಬಿನಿಂದಾಗಿ ಹೆಚ್ಚು ಅಗಲದ ನೋಟ ಸಿಗುತ್ತದೆ, ಪ್ರತಿಯಾಗಿ ಹಿಂದಿನ ವಾಹನವು ಇದ್ದದ್ದಕ್ಕಿಂತ ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತದೆ. ಚಾಲಕರ ಕಣ್ಣು ಒಂದು ಉಬ್ಬಿಗೆ ಪಳಗಿರುವಾಗ ಎಡಬದಿಗೆ ಚಪ್ಪಟೆ ಗಾಜನ್ನೋ ಬೇರೆ ಉಬ್ಬಿನ ಗಾಜನ್ನೋ ಹಾಕಿದರೆ, ಓವರ್‌ಟೇಕ್ ಮಾಡಿ ಎಡಕ್ಕೆ ಮರಳುವಾಗ ದೂರದ ಅಂದಾಜು ತಪ್ಪುತ್ತದೆ.

ಪರೀಕ್ಷೆ ಕಠಿಣವೇನಲ್ಲ. ಒಂದು ಸ್ಟೀಲ್ ಪಟ್ಟಿಯ ಅಂಚನ್ನು ಗಾಜಿನ ಮೇಲೆ ನಿಲ್ಲಿಸಿ ನೋಡಿ: ಗಾಜು ಉಬ್ಬಿದ್ದರೆ ಪಟ್ಟಿ ನಡುವೆ ಮಾತ್ರ ತಾಗಿ ಎರಡೂ ತುದಿಗಳಲ್ಲಿ ಸಂದು ಬಿಡುತ್ತದೆ, ಚಪ್ಪಟೆಯಿದ್ದರೆ ಉದ್ದಕ್ಕೂ ಕೂಡುತ್ತದೆ. ಅನಂತರ ಅಂಗಡಿಯ ಹೊರಗೆ ಬಂದು ವಿದ್ಯುತ್ ಕಂಬದ ಪ್ರತಿಬಿಂಬವನ್ನು ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸರಿಸಿ. ಕಂಬ ಎಲ್ಲಿಯಾದರೂ ಅಲೆಯಂತೆ ಬಳುಕಿದರೆ ಆ ಗಾಜು ಬೇಡ. ಕೊನೆಗೆ ಕಾರಿನಲ್ಲಿ ಉಳಿದಿರುವ ಅದೇ ಬದಿಯ ಗಾಜಿನ ಚೂರನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು, ಒಂದೇ ವಸ್ತು ಎರಡರಲ್ಲಿಯೂ ಒಂದೇ ಅಳತೆಯಲ್ಲಿ ಕಾಣುತ್ತದೆಯೇ ಎಂದು ಹೋಲಿಸಿ. ಒಡೆದ ಗಾಜಿನ ಮೇಲೆ ಅಂಟಿಸಲು ಕತ್ತರಿಸಿಕೊಡುವ ಮನೆಗನ್ನಡಿಯ ತುಂಡು ಈ ಯಾವ ಪರೀಕ್ಷೆಯಲ್ಲಿಯೂ ನಿಲ್ಲುವುದಿಲ್ಲ.

4. ವಿಮೆ ಕೇಳುವ ಮೊದಲು ಲೆಕ್ಕ ಹಾಕಿ

ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಇಲ್ಲ, ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯಲಾಗುತ್ತದೆ. ಇದರ ಮೇಲೆ ಕಡ್ಡಾಯ ಕಡಿತವಾಗಿ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ನಿಮ್ಮ ಪಾಲಿಗೇ ಬರುತ್ತದೆ. ಕ್ಲೇಮ್ ಮಾಡದವರಿಗೆ ನವೀಕರಣದಲ್ಲಿ ಶೇ 20ರಿಂದ ಶೇ 50ರವರೆಗೆ ಸಿಗುವ ಬೋನಸ್ಸನ್ನೂ ಕಳೆದುಕೊಳ್ಳಬೇಕಾಗುವುದರಿಂದ, ಬರೀ ಗಾಜಿಗಾಗಿ ಕ್ಲೇಮ್ ಮಾಡುವುದು ಲಾಭದಾಯಕವಾಗುವುದು ವಿರಳ.

5. ಕೂಡಿಸುವಾಗ ಜೊತೆಗಿರಿ

ಒಡೆದ ಗಾಜನ್ನು ತೆಗೆಯುವ ಮೊದಲು ಅದರ ಮೇಲೆ ಅಗಲವಾದ ಟೇಪು ಅಂಟಿಸಿದರೆ ಚೂರುಗಳು ಮೋಟಾರಿನೊಳಗೆ ಉದುರುವುದಿಲ್ಲ. ಹೊಸ ಗಾಜನ್ನು ಕ್ಲಿಪ್ಪಿಗೆ ಕೂಡಿಸುವಾಗ ಅಂಚನ್ನು ಒತ್ತದೆ, ನಡುಭಾಗವನ್ನು ಅಂಗೈಯಿಂದ ಸಮನಾಗಿ ಒತ್ತುವಂತೆ ಮಿಸ್ತ್ರಿಗೆ ಹೇಳಬೇಕು. ಇಡೀ ಸೆಟ್ ಬದಲಿಸಿದಲ್ಲಿ ಬುಡದ ರಬ್ಬರ್ ಪಟ್ಟಿ ಹೊಸದಾಗಿ ಬಂದಿದೆಯೇ ಎಂದು ನೋಡಿ, ಏಕೆಂದರೆ ಅದಿಲ್ಲದಿದ್ದರೆ ವೇಗದಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ, ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಬಿಸಿಲಿಗೆ ಬಣ್ಣಗೆಟ್ಟ ಬಾಗಿಲಿನ ಪಕ್ಕದಲ್ಲಿ ಹೊಸ ಕವರು ಕೋಡ್ ಸರಿಯಿದ್ದರೂ ತುಸು ಬೇರೆಯಾಗಿ ಕಾಣುವುದು ಸಹಜ, ಅದು ಅಂಗಡಿಯವರ ತಪ್ಪಲ್ಲ. ಕೂಡಿಸಿದ ಮೇಲೆ ನಿಮ್ಮ ಸೀಟಿನಲ್ಲಿ ಕುಳಿತು, ಕಾರಿನ ಸ್ವಂತ ಬದಿ ಒಂದು ಎಳೆಯಷ್ಟು ಮಾತ್ರ ಕಾಣುವಂತೆ, ದಿಗಂತ ಗಾಜಿನ ಮಧ್ಯಕ್ಕೆ ಬರುವಂತೆ ಹೊಂದಿಸಿಕೊಳ್ಳಿ.

6. ಮಿರರ್ ಜೊತೆಗೆ ಮಾರುವ ಸಾಮಾನುಗಳು

ಅಂಟಿಸುವ ಚಿಕ್ಕ ದುಂಡು ಕನ್ನಡಿ ಒಳ್ಳೆಯದೇ, ಪಕ್ಕದಲ್ಲಿ ನುಸುಳಿ ಬರುವ ಬೈಕು ಅದರಲ್ಲಿ ಕಾಣುತ್ತದೆ. ಆದರೆ ಅದು ಮುಖ್ಯ ಗಾಜಿನ ಹೊರಮೂಲೆಯಲ್ಲಿರಬೇಕು, ನಡುವೆಯಲ್ಲ. ತಾಪಮಾನ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಗ್ಗದ ಡಬಲ್ ಟೇಪು ಮೆತ್ತಗಾಗಿ ಜಾರುತ್ತದೆ. ಸೇಡಂ, ವಾಡಿ, ಶಹಾಬಾದ ಕಡೆಯವರ ಕಾರುಗಳ ಮೇಲೆ ಸಿಮೆಂಟ್ ಧೂಳೂ ಕೂತಿರುವುದರಿಂದ ಗಾಜನ್ನು ತೊಳೆದು, ಪೂರ್ತಿ ಒಣಗಿಸಿ, ನೆರಳಿನಲ್ಲಿ ನಿಲ್ಲಿಸಿಯೇ ಅಂಟಿಸಬೇಕು.

ಒಳಗಿನ ಕನ್ನಡಿಗೆ ಸಿಕ್ಕಿಸುವ ಅಗಲ ಕನ್ನಡಿ ನನಗೆ ಸರಿಬರುವುದಿಲ್ಲ. ಅದರ ಭಾರಕ್ಕೆ ಮೂಲ ಕನ್ನಡಿ ಅದುರುತ್ತದೆ, ರಾತ್ರಿ ಹಿಂದಿನ ಹೆಡ್‌ಲೈಟಿನ ಝಳ ತಗ್ಗಿಸುವ ಚಿಕ್ಕ ಕಡ್ಡಿಯೂ ಉಪಯೋಗಕ್ಕೆ ಬಾರದಂತಾಗುತ್ತದೆ. ಶರಣಬಸವೇಶ್ವರರ ಪದಕವಿರಲಿ, ಬಂದೇನವಾಜ ದರ್ಗಾದ ತಾಯಿತವಿರಲಿ, ಒಳಗನ್ನಡಿಗೆ ತೂಗುಹಾಕಿದರೆ ಎಡ ತಿರುವಿನಲ್ಲಿ ಬರುವವರನ್ನು ಮರೆಮಾಡುತ್ತದೆ. ಭಕ್ತಿಗೆ ಡ್ಯಾಶ್‌ಬೋರ್ಡಿನ ಮೂಲೆ ಸಾಕು, ಎಡಬದಿಯ ಏರ್‌ಬ್ಯಾಗಿನ ಮುಚ್ಚಳದ ಮೇಲೆ ಮಾತ್ರ ಏನನ್ನೂ ಇಡಬಾರದು.

ಬಿಸಿಲಿಗೆ ಹೆದರಿ ಕಪ್ಪು ಫಿಲ್ಮ್ ಅಂಟಿಸುವವರು, ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಬದಿಗಳಲ್ಲಿ ಶೇ 50ರಷ್ಟು ಬೆಳಕು ಹಾಯಬೇಕೆಂಬ ನಿಯಮವಿದೆ ಎಂಬುದನ್ನೂ, 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿನ ವಿರುದ್ಧ ಆದೇಶ ನೀಡಿದೆ ಎಂಬುದನ್ನೂ ತಿಳಿದಿರಬೇಕು. ದಂಡದ ಮಾತು ಹಾಗಿರಲಿ, ಸಂಜೆಯಾದ ಮೇಲೆ ಕಪ್ಪು ಗಾಜಿನ ಮೂಲಕ ಹೊಸ ಸೈಡ್ ಮಿರರ್ ಕೂಡ ಮಬ್ಬಾಗಿಯೇ ಕಾಣುತ್ತದೆ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಹೊಳಪಿನ ಮಡಚುವ ಪರದೆ ಇಡುವುದು ಅಗ್ಗವೂ ಹೌದು, ನಿಯಮಬದ್ಧವೂ ಹೌದು. ಮುಂಭಾಗದ ಉಕ್ಕಿನ ಗಾರ್ಡ್ ಬೇಡವೇ ಬೇಡ. ಅದನ್ನು ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದ್ದು, ಡಿಕ್ಕಿಯಾದಾಗ ಅದು ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಲೆಕ್ಕವನ್ನೂ ತಪ್ಪಿಸಬಲ್ಲದು.

ಸೀಟಿನ ಹೊರಬದಿಯಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ, ಆ ಬದಿಯ ಹೊಲಿಗೆ ಬಿಚ್ಚಿಕೊಳ್ಳುವಂಥ ಸೀಟ್ ಕವರನ್ನೇ ಕೇಳಿ ಪಡೆಯಬೇಕು. ಮಳೆಗಾಲದಲ್ಲಿ ಎರೆ ಹೊಲಕ್ಕೆ ಹೋಗಿಬರುವವರಿಗೆ ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಉಪಯುಕ್ತ, ಏಕೆಂದರೆ ಅದನ್ನು ತೆಗೆದು ಜಾಡಿಸಿ ತೊಳೆಯಬಹುದು. ಚಾಲಕರ ಕಡೆಯ ಮ್ಯಾಟ್ ಮಾತ್ರ ನೆಲದ ಕೊಕ್ಕೆಗೆ ಸಿಕ್ಕಿಕೊಳ್ಳುವಂಥದ್ದಾಗಿರಬೇಕು. ಹಳೆಯದರ ಮೇಲೆ ಹೊಸದನ್ನು ಹಾಸಿದರೆ ಅದು ಮುಂದಕ್ಕೆ ಸರಿದು ಬ್ರೇಕ್ ಪೆಡಲ್ ಕೆಳಗೆ ಸೇರಿಕೊಳ್ಳುತ್ತದೆ.