ಜೀಪಿಗೆ ಎಕ್ಸ್‌ಟ್ರಾ ಲೈಟ್: ವೈರಿಂಗ್ ಮಾಡುವುದು ಹೇಗೆ?

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ದಾರಿಗಳಲ್ಲಿ ಮಳೆಗಾಲದ ರಾತ್ರಿ ಜೀಪಿನ ಹೆಡ್‌ಲೈಟ್ ಸಾಲುವುದಿಲ್ಲ. ಹಾಗಂತ ಹೆಡ್‌ಲೈಟಿನ ವೈರಿಗೇ ಇನ್ನೆರಡು ಲೈಟ್ ಸಿಕ್ಕಿಸಿದರೆ ವೈರು ಬಿಸಿಯಾಗುತ್ತದೆ, ಸ್ವಿಚ್ ಸುಟ್ಟುಹೋಗುತ್ತದೆ. ಲೈಟಿಗೆ ಎಷ್ಟು ಬೇಕಾದರೂ ದುಡ್ಡು ಸುರಿಯುವವರು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ) ಅಂದ ಕೂಡಲೇ ಚೌಕಾಸಿಗೆ ಇಳಿಯುತ್ತಾರೆ. ಅಸಲಿಗೆ ಬೇಕಾದದ್ದು ಅದೇ.

ಮೊದಲು ಲೆಕ್ಕ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬ್ ಅಂದರೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. ಇದಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರು, 15 ಆಂಪಿಯರ್ ಫ್ಯೂಸ್, 30 ಆಂಪಿಯರ್ ರಿಲೇ ಸಾಕು. ಎಲ್‌ಇಡಿಗೆ ಕರೆಂಟ್ ಕಡಿಮೆ, ಲೆಕ್ಕ ಹಾಕುವ ರೀತಿ ಅದೇ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಕೆಲಸ ಶುರು ಮಾಡಿ. ರಿಲೇಯನ್ನು ಬಾನೆಟ್ ಒಳಗೆ, ಪಿನ್ನುಗಳು ಕೆಳಮುಖವಾಗಿರುವಂತೆ ಕೂರಿಸಿ. ಆಗ ನೀರು ಒಳಗೆ ನಿಲ್ಲುವುದಿಲ್ಲ. ಪಿನ್ನುಗಳ ಪಕ್ಕದಲ್ಲೇ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ವೈರು ತನ್ನಿ. 87ರಿಂದ ಲೈಟುಗಳಿಗೆ ಕೊಡಿ. 86ಕ್ಕೆ ಸ್ವಿಚ್ಚಿನ ವೈರು, 85ಕ್ಕೆ ಅರ್ಥ್, ಅಂದರೆ ಗಾಡಿಯ ಲೋಹಕ್ಕೆ ಬಿಗಿಯುವ ವೈರು. ಐದು ಪಿನ್ನಿನ ರಿಲೇ ಸಿಕ್ಕಿದರೆ ನಡುವಿನ 87ಎ ಮುಟ್ಟಬೇಡಿ. ಅಲ್ಲಿಗೆ ಜೋಡಿಸಿದರೆ ಸ್ವಿಚ್ ಆಫ್ ಇದ್ದಾಗಲೇ ಲೈಟ್ ಉರಿಯುತ್ತದೆ!

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಕಲ್ಲುದಾರಿಯಲ್ಲಿ ಗಾಡಿ ಕುಲುಕಿ, ವೈರಿನ ಸಿಪ್ಪೆ ಸವೆದು ತಗಡಿಗೆ ತಾಗಿತು ಅಂದುಕೊಳ್ಳಿ. ಫ್ಯೂಸ್ ಆ ಜಾಗಕ್ಕಿಂತ ಮುಂದೆ ಎಲ್ಲೋ ಇದ್ದರೆ ಪ್ರಯೋಜನವಿಲ್ಲ, ವೈರೇ ಹೊತ್ತಿಕೊಳ್ಳುತ್ತದೆ. ವೈರು ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ಹಾಕಿ.

ಸ್ವಿಚ್ಚಿಗೆ ಹೈ ಬೀಮ್ ವೈರಿನಿಂದ ಕರೆಂಟ್ ತೆಗೆದರೆ ಒಳ್ಳೆಯದು. ಎದುರು ಗಾಡಿ ಬಂದಾಗ ಡಿಮ್ ಮಾಡಿದರೆ ಈ ಲೈಟೂ ಆರುತ್ತದೆ. ಹೊಸ ಗಾಡಿಯಾದರೆ ವೈರು ಕತ್ತರಿಸುವ ಮುಂಚೆ ವಾರಂಟಿ ನಿಯಮ ನೋಡಿ.

ಹೆಚ್ಚಿನ ತಕರಾರು ಬರುವುದು ಅರ್ಥ್‌ನಲ್ಲಿ. ಪೇಂಟ್ ಮೇಲೆ ಸುಮ್ನೆ ಬೋಲ್ಟ್ ಬಿಗಿದರೆ ಲೈಟ್ ಮಂಕಾಗಿ ಮಿಣುಕುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಬಿಗಿದು, ಮೇಲೆ ಗ್ರೀಸ್ ಸವರಿ. ಆಮೇಲೆ ನೆಗೆಟಿವ್ ಜೋಡಿಸಿ, ಎಂಜಿನ್ ಶುರು ಮಾಡಿ, ಲೈಟ್ ಹಾಕಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲೈಟಿನ ಅರ್ಥ್‌ಗೆ ಇಟ್ಟು ನೋಡಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಮತ್ತೆ ಉಜ್ಜಬೇಕು.

ಲೈಟನ್ನು ಟಾಪ್ ಮೇಲೆ ಕೂರಿಸುವ ಶೋಕಿ ಈಗ ಜಾಸ್ತಿ. ಆದರೆ ಮಂಜಿನಲ್ಲಿ ಆ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಮಲೆನಾಡಿಗೆ ಬಂಪರ್ ಮಟ್ಟದಲ್ಲಿ, ಕೆಳಗೆ ಬಾಗಿಸಿದ ಲೈಟೇ ಸರಿ. ಇನ್ನೊಂದು ಮಾತು: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 111ನೇ ನಿಯಮದಂತೆ ಮುಂಭಾಗದಲ್ಲಿ ಸ್ಪಾಟ್‌ಲೈಟ್ ಹಾಕಿಸಲು ಆರ್‌ಟಿಒ ಅನುಮತಿ ಮೊದಲೇ ಪಡೆಯಬೇಕು, ಅದೂ ವಿಶೇಷ ಸಂದರ್ಭಗಳಲ್ಲಿ ಮಾತ್ರ ಸಿಗುತ್ತದೆ. ಲೈಟ್ ಕೊಳ್ಳುವ ಮುಂಚೆಯೇ ಅಲ್ಲಿ ವಿಚಾರಿಸಿ.